ಹಳೇ ಇಂಗ್ಲಿಷ್ ಬಂಗಲೆಯ ವಯಸ್ಸು ತಿಳಿಯಬೇಕಾ? ಕಿಟಕಿ ನೋಡಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಹಳೇ ಶ್ರೀಮಂತರ ಮನೆ ನೋಡಲು ಹೋದವರು ಸೀದಾ ಒಳಗೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಹತ್ತು ನಿಮಿಷ ಹೊರಗೇ ನಿಂತು ಕಿಟಕಿ ನೋಡಿ.

ಯಾವ ಮಹಡಿಯ ಕಿಟಕಿ ಎಲ್ಲಕ್ಕಿಂತ ಎತ್ತರ ಇದೆ? ಮುಖ್ಯ ಕೋಣೆಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್‌ನಲ್ಲಿ ಮೇಲೆ ಹೋದಂತೆಲ್ಲ ಕಿಟಕಿ ದೊಡ್ಡದಾಗುತ್ತಾ ಹೋಗುತ್ತದೆ, ಯಾಕೆಂದರೆ ದರ್ಬಾರಿನ ಕೋಣೆಗಳಿರುವುದೇ ಮೇಲಿನ ಮಹಡಿಯಲ್ಲಿ. 1590ರ ದಶಕದಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಗಟ್ಟಿಗಿತ್ತಿ ಕಟ್ಟಿಸಿದ ಮನೆ ಇದು. ಆಗ ಗಾಜು ಭಾರೀ ದುಬಾರಿ, ಹಾಗಾಗಿ ಗೋಡೆಗಿಂತ ಗಾಜೇ ಜಾಸ್ತಿ ಕಾಣುವಂತೆ ಕಟ್ಟಿಸಿದರೆ ಊರಿಗೆಲ್ಲ ದುಡ್ಡು ತೋರಿಸಿದ ಹಾಗೆ. ಅದೂ ಸಾಲದೆ ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಮಾಡಿಸಿ ನಿಲ್ಲಿಸಿದ್ದಾಳೆ! ಸ್ವಲ್ಪ ಅತಿಯೇ, ಆದರೂ ನನಗೆ ಇಷ್ಟ.

ಅದೇ ಜಿಲ್ಲೆಯ ಕೆಡ್ಲ್‌ಸ್ಟನ್ ಹಾಲ್ 18ನೇ ಶತಮಾನದ್ದು. ಅಲ್ಲಿ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಶೈಲಿಯ ಗುಂಗು. ದೊಡ್ಡ ಕಿಟಕಿಗಳು ನಡುವಿನ ಮಹಡಿಗೆ ಇಳಿದಿವೆ.

ಆಮೇಲೆ ಹತ್ತಿರ ಹೋಗಿ ಚೌಕಟ್ಟು ನೋಡಿ. ನಡುವೆ ಕಲ್ಲಿನ ಕಂಬಿ, ಸೀಸದ ಪಟ್ಟಿಯಿಂದ ಜೋಡಿಸಿದ ಪುಟ್ಟ ಗಾಜು ಇದ್ದರೆ ಹಳೇ ಕಾಲದ್ದು. ಮೇಲೆ ಕೆಳಗೆ ಜಾರುವ ಮರದ ಕಿಟಕಿ ಬಂದಿದ್ದು 17ನೇ ಶತಮಾನದ ಕೊನೆಗೆ. ಅಗಲವಾದ ಒಂದೇ ಗಾಜು ಇದ್ದರೆ 1845ರ ನಂತರದ್ದಿರಬಹುದು, ಆ ವರ್ಷ ಗಾಜಿನ ಮೇಲಿನ ಸುಂಕ ಹೋಯಿತು.

ಇಟ್ಟಿಗೆಯೋ ಕಲ್ಲೋ ಇಟ್ಟು ಮುಚ್ಚಿದ ಕಿಟಕಿ ಕಂಡ ತಕ್ಷಣ ಎಲ್ಲರೂ "ಕಿಟಕಿ ತೆರಿಗೆ" ಅನ್ನುತ್ತಾರೆ. 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ಆ ತೆರಿಗೆ ಇದ್ದಿದ್ದು, ಅದನ್ನು ತಪ್ಪಿಸಲು ಕೆಲವರು ಕಿಟಕಿ ಮುಚ್ಚಿಸಿದ್ದು ನಿಜ. ಆದರೆ ಎಷ್ಟೋ ಕಡೆ ಎಡಬಲ ಸಮ ಕಾಣಲಿ ಅಂತ ಸುಮ್ನೆ ಕಟ್ಟಿದ ಹುಸಿ ಕಿಟಕಿಗಳವು. ಒಳಗೆ ಆ ಜಾಗದಲ್ಲಿ ಅಗ್ಗಿಷ್ಟಿಕೆಯೋ ಅಡ್ಡಗೋಡೆಯೋ ಇದ್ದರೆ ತೆರಿಗೆಯ ಕಥೆ ನಂಬಬೇಡಿ.

ಇನ್ನು ಮನೆಯನ್ನು ಒಂದು ಸುತ್ತು ಹಾಕಿ. ಇದನ್ನು ಬಿಡಲೇಬೇಡಿ. ಹೊಸ ಫ್ಯಾಷನ್ ಬಂದಾಗ ದುಡ್ಡು ಸುರಿದಿದ್ದು ಎದ್ದು ಕಾಣುವ ಕಡೆಗೆ, ಉಳಿದ ಮೂರು ಕಡೆ ಹಾಗೇ ಬಿಟ್ಟಿರುತ್ತಾರೆ. ಹ್ಯಾಂಪ್‌ಶೈರಿನ ದ ವೈನ್ ಅನ್ನುವುದು ಟ್ಯೂಡರ್ ರಾಜರ ಕಾಲದ, ಅಂದರೆ 16ನೇ ಶತಮಾನದ ಇಟ್ಟಿಗೆ ಮನೆ, ಅದಕ್ಕೆ 1650ರ ದಶಕದಲ್ಲಿ ರೋಮನ್ ದೇವಾಲಯದ್ದರಂಥ ಕಂಬಗಳ ಮಂಟಪ ಸೇರಿಸಿದರು. ಆ ಒಂದು ಕಡೆ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಅಲ್ವಾ?

ಸುತ್ತುವಾಗ ಮಳೆನೀರಿನ ಕೊಳವೆಯ ಮೇಲ್ತುದಿಯ ಸೀಸದ ಪೆಟ್ಟಿಗೆಗಳನ್ನೂ ನೋಡಿ, ಎಷ್ಟೋ ಮನೆಗಳಲ್ಲಿ ಅವುಗಳ ಮೇಲೆ ವರ್ಷ ಬರೆದಿರುತ್ತದೆ. ಅದು ಕೊಳವೆ ಹಾಕಿಸಿದ ವರ್ಷ ಅಷ್ಟೇ, ಮನೆ ಇನ್ನೂ ಹಳೆಯದಿರಬಹುದು.