ಡೇಕೇರ್‌ನಲ್ಲಿ ಮಕ್ಕಳು ತಾವೇ ಆಡಿಕೊಳ್ಳಬೇಕೆಂದರೆ
ದಾವಣಗೆರೆಯಲ್ಲಿ ಮನೆಯಲ್ಲೇ ಡೇಕೇರ್ ಶುರು ಮಾಡುವವರು ಗಮನಿಸಿ: ಆಟಿಕೆಗಳನ್ನೆಲ್ಲ ಒಂದೇ ಬುಟ್ಟಿಗೆ ತುಂಬಬೇಡಿ. ಮಕ್ಕಳು ಬುಟ್ಟಿ ಬೋರಲು ಹಾಕುತ್ತಾರೆಯೇ ಹೊರತು ಆಡುವುದಿಲ್ಲ. 2 ಅಡಿ ಎತ್ತರದ ತೆರೆದ ಶೆಲ್ಫ್ ಸಾಕು. ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ, ಇಲ್ಲವಾದರೆ ಹತ್ತಿದ ಮಗುವಿನ ಮೇಲೇ ಮಗುಚುತ್ತದೆ. ಒಂದು ತಟ್ಟೆಯಲ್ಲಿ ಒಂದೇ ಆಟ, ಒಟ್ಟು 8 ತಟ್ಟೆ. ಉಳಿದದ್ದು ಅಟ್ಟದ ಮೇಲಿರಲಿ, ವಾರಕ್ಕೆ ಎರಡು-ಮೂರು ಮಾತ್ರ ಬದಲಿಸಿ. ಎಲ್ಲ ಒಟ್ಟಿಗೆ ಹೊಸದಾದರೆ ಮತ್ತೆ ನಿಮ್ಮ ಸೆರಗೇ ಹಿಡಿಯುತ್ತಾರೆ.

ಸುರಿದು ತುಂಬುವ ಆಟಕ್ಕೆ ನಮ್ಮ ಕಡೆ ಮೆಕ್ಕೆಜೋಳದ ಕಾಳು ಸುಲಭವಾಗಿ ಸಿಗುತ್ತದೆ ನಿಜ. ಆದರೆ 3 ವರ್ಷದೊಳಗಿನವರು ಅದನ್ನು ಮೂಗಿಗೆ ತುರುಕಿಕೊಳ್ಳುತ್ತಾರೆ. ತೇವಕ್ಕೆ ಉಬ್ಬಿದರೆ ತೆಗೆಯುವುದು ಕಷ್ಟ. ಅವರಿಗೆ ಬೇಸಿನ್‌ನಲ್ಲಿ ಎರಡು ಬೆರಳಷ್ಟು ನೀರು, ಎರಡು ಸ್ಟೀಲ್ ಲೋಟ ಕೊಡಿ. ಪಕ್ಕದಲ್ಲೇ ಕೂತಿರಿ, ಆಟದ ನಡುವೆ ಬಾಯಿ ಮಾತ್ರ ಹಾಕಬೇಡಿ. ಆಟ ಮುಗಿದ ತಕ್ಷಣ ನೀರು ಚೆಲ್ಲಿಬಿಡಿ.