ಫೋಲ್ಡರ್ ಮೊದಲು, ತಾಳ ಆಮೇಲೆ

ಸಂಗೀತದ ಪ್ರಾಜೆಕ್ಟ್ ಅಂದರೆ ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮೊದಲಿಂದಲೂ ಉಡಾಫೆ. "ಹಾಡು ಪಾಡೆಲ್ಲ ಕಾಲೇಜ್ ಡೇಗೆ ಇರಲಿ ಮೇಷ್ಟ್ರೇ, ಹುಡುಗರಿಗೆ ಮುಖ ಗುರುತಿಸೋದೋ ಹೆಲ್ಮೆಟ್ ಪತ್ತೆ ಹಚ್ಚೋದೋ ಕೊಡಿ" ಎಂದು ಸ್ಟಾಫ್ ರೂಮಿನಲ್ಲಿ ಹೇಳದವರಿಲ್ಲ. ಈ ಸಲ ನನ್ನ ಫೈನಲ್ ಇಯರ್ ತಂಡ ಕೊನ್ನಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ, ಜೊತೆಗೆ ಮೃದಂಗ ನುಡಿಸುವ ಪ್ರೋಗ್ರಾಂ ಮಾಡಿತು. ಅದನ್ನು ಹೊರಗಿನ ಪರೀಕ್ಷಕರ ಲ್ಯಾಪ್‌ಟಾಪಿನಲ್ಲೇ ಓಡಿಸಿ ತೋರಿಸಿತು. ವಿಭಾಗದಲ್ಲಿ ಮೇಲಿನ ಅಂಕಗಳೂ ಬಂದವು. ಅದಕ್ಕೇ ಬರೆಯುತ್ತಿದ್ದೇನೆ. ಪ್ಯೂರ್ ಡೇಟಾ (ಪೆಟ್ಟಿಗೆಗಳನ್ನು ಜೋಡಿಸಿ ಸದ್ದು ಎಬ್ಬಿಸುವ ಸಾಫ್ಟ್‌ವೇರ್), ಆಡಾಸಿಟಿ (ಸದ್ದು ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್) ಬಳಸಿ ಗೊತ್ತಿರುವವರಿಗೆ ಇದು. ಆಸಿಲೇಟರ್ ಎಂದರೇನು ಅಂತೆಲ್ಲ ಶುರು ಮಾಡಲ್ಲ.

ಹಿಂದಿನ ಬ್ಯಾಚುಗಳಲ್ಲೂ ಸಂಗೀತ ಚೆನ್ನಾಗಿಯೇ ಇತ್ತು. ಮುಳುಗಿದ್ದೆಲ್ಲ ಒಪ್ಪಿಸುವ ದಿನ. ಒಂದು ತಂಡದ ಪ್ಯಾಚ್ (ಪ್ಯೂರ್ ಡೇಟಾದಲ್ಲಿ ಮಾಡಿದ ಪ್ರೋಗ್ರಾಂ) ಪರೀಕ್ಷಕರ ಮುಂದೆ ತೆರೆದಾಗ ಅರ್ಧಕ್ಕರ್ಧ ಪೆಟ್ಟಿಗೆಗಳ ಸುತ್ತ ಕಡಿದ ಗೆರೆ. ಕನ್ಸೋಲಿನಲ್ಲಿ ಸಾಲುಸಾಲು ಎರರ್. ಎಕ್ಸ್‌ಟರ್ನಲ್‌ಗಳೆಲ್ಲ (ಪ್ಯೂರ್ ಡೇಟಾಕ್ಕೆ ಹೊರಗಿಂದ ಸೇರಿಸಿಕೊಳ್ಳುವ ಪೆಟ್ಟಿಗೆಗಳು) ಹುಡುಗನ ಮನೆಯ ಕಂಪ್ಯೂಟರಿನಲ್ಲೇ ಉಳಿದಿದ್ದವು. ಇನ್ನೊಂದು ತಂಡ ಪ್ರತಿ ಸ್ಯಾಂಪಲ್ಲಿಗೂ (ರೆಕಾರ್ಡ್ ಮಾಡಿದ ಸದ್ದಿನ ತುಣುಕಿಗೂ) ತನ್ನ ಡೆಸ್ಕ್‌ಟಾಪಿನ ಪೂರ್ತಿ ವಿಳಾಸ ಬರೆದಿತ್ತು. ಬೇರೆ ಯಂತ್ರದಲ್ಲಿ ಆ ಹೆಸರಿನ ಯೂಸರ್ರೇ ಇರಲಿಲ್ಲ. ಮತ್ತೊಂದು ಪ್ಯಾಚ್ ವಿಂಡೋಸ್‌ನಲ್ಲಿ ಮಾತಾಡುತ್ತಿತ್ತು, ಉಬುಂಟುವಿನಲ್ಲಿ ಮೂಕ. ಫೈಲಿನ ಹೆಸರು ದೊಡ್ಡ ಅಕ್ಷರದಿಂದ ಶುರುವಾಗಿತ್ತು, ಪ್ಯಾಚಿನೊಳಗೆ ಚಿಕ್ಕಕ್ಷರ ಬರೆದಿದ್ದರು. ವಿಂಡೋಸ್ ಅದನ್ನು ಲೆಕ್ಕಕ್ಕಿಡಲ್ಲ, ಉಬುಂಟು ಬಿಡಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಜಿಪ್ ಫೈಲು. ವಿಂಡೋಸಿನಲ್ಲಿ ಜಿಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರಿನ ಹಾಗೇ ಕಾಣುತ್ತದೆ. ಒಳಗಿನ ಪ್ಯಾಚ್ ಒತ್ತಿದರೆ ಅದೊಂದು ಮಾತ್ರ ಯಾವುದೋ ಟೆಂಪ್ ಫೋಲ್ಡರಿಗೆ ಹೋಗಿ ತೆರೆಯುತ್ತದೆ. ಸ್ಯಾಂಪಲ್‌ಗಳು ಜಿಪ್ಪಿನಲ್ಲೇ ಉಳಿಯುತ್ತವೆ. ಪರೀಕ್ಷಕರಿಗೆ ಕಾಣೋದು ಖಾಲಿ ಪ್ಯಾಚ್, ಕೇಳೋದು ಏನೂ ಇಲ್ಲ. "ವರ್ಕ್ ಆಗ್ತಿಲ್ವಲ್ಲ" ಎಂದು ಬರೆದು ಮುಂದಿನ ತಂಡ ಕರೆಯುತ್ತಾರೆ. ವರ್ಷದ ದುಡಿಮೆ ಅಷ್ಟಕ್ಕೇ ಹೋಯಿತು.

ಹಾಗಾಗಿ ಈ ಸಲ ಉಲ್ಟಾ ಹಿಡಿದೆ. ಮೊದಲ ವಾರವೇ ಒಪ್ಪಿಸುವ ಫೋಲ್ಡರ್ ತಯಾರಾಗಬೇಕು. ಒಳಗೆ ಒಂದೇ ಒಂದು "ತ" ನುಡಿಸುವ ಪ್ಯಾಚ್, ಒಂದು ಸ್ಯಾಂಪಲ್, ಅರ್ಧ ಪುಟದ ರೀಡ್‌ಮಿ. ಜಿಪ್ ಮಾಡಿ, ಪೆನ್ ಡ್ರೈವಿಗೆ ಹಾಕಿ, ಪ್ಯೂರ್ ಡೇಟಾ ಹೆಸರೇ ಕೇಳದವರ ಕೈಗೆ ಕೊಡಬೇಕು. ಮುಂದೆ ಏನೇ ಮಾಡಿದರೂ ಅದರೊಳಗೇ ಬೆಳೆಸಬೇಕು. "ಮನೆ ಕಟ್ಟೋಕೆ ಮುಂಚೆ ಗೃಹಪ್ರವೇಶವಾ?" ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಹುಡುಗರಿಗೂ ಇದು ಸುಮ್ನೆ ಕಾಟ ಅನ್ನಿಸಿತ್ತು.

ಲೈಬ್ರರಿ ಮೇಡಂ ನಮ್ಮ ಖಾಯಂ ಪರೀಕ್ಷಕರು. ಎರಡು ಶನಿವಾರಕ್ಕೊಮ್ಮೆ ಪೆನ್ ಡ್ರೈವ್ ಅವರ ಮೇಜಿಗೆ. ತಂಡ ಹಿಂದೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ಇದು ಕಟ್ಟುನಿಟ್ಟು. ಮೊದಲ ಸಲ ಅವರು ಜಿಪ್ಪಿನೊಳಗಿಂದಲೇ ತೆರೆದರು. ಸ್ಪೀಕರ್ ತಿರುಗಿಸಿದರು, ವಾಲ್ಯೂಮ್ ಏರಿಸಿದರು, ಕೊನೆಗೆ "ಸದ್ದೇ ಬರ್ತಿಲ್ವಲ್ಲಪ್ಪಾ" ಎಂದರು. ಹಿಂದೆ ನಿಂತ ಹುಡುಗನ ಕೈ ಮೌಸಿನ ಕಡೆ ತಾನಾಗೇ ಹೋಗುತ್ತಿತ್ತು, ಹಿಡಿದು ನಿಲ್ಲಿಸಿದೆ. ಮುಂದಿನ ಸಲ ಎಕ್ಸ್‌ಟ್ರಾಕ್ಟ್ ಮಾಡಿದರು, ಆದರೆ ಡಿಎಸ್‌ಪಿ (ಸದ್ದಿನ ಲೆಕ್ಕ ಶುರು ಮಾಡುವ ಸ್ವಿಚ್) ಆನ್ ಮಾಡಬೇಕು ಅಂತ ಅವರಿಗೇನು ಗೊತ್ತು? ಪ್ಯಾಚ್ ತೆರೆದ ಕೂಡಲೇ ಚಾಲೂ ಆಗುವ ಲೋಡ್‌ಬ್ಯಾಂಗ್ ಪೆಟ್ಟಿಗೆಯಿಂದ ಅದನ್ನು ತಾನೇ ಆನ್ ಆಗುವ ಹಾಗೆ ಮಾಡಿದೆವು. ಇಂಥವು ಒಂದೊಂದೇ ಸಿಕ್ಕವು. ಹೆಸರುಗಳಲ್ಲಿ ಸ್ಪೇಸ್ ಬೇಡ, ದೊಡ್ಡಕ್ಷರ ಬೇಡ ಅಂತ ನಿಯಮ ಬಂತು. ಪ್ಯೂರ್ ಡೇಟಾ ಬಿಎಸ್‌ಡಿ ಲೈಸೆನ್ಸಿನದು, ಹಂಚಲು ಅಡ್ಡಿಯಿಲ್ಲ. ಅದರ ಇನ್‌ಸ್ಟಾಲ್ ಬೇಡದ ಆವೃತ್ತಿಯನ್ನೇ ಫೋಲ್ಡರಿಗೆ ಸುರಿದೆವು. ಚಿಕ್ಕದೊಂದು ಬ್ಯಾಚ್ ಫೈಲ್ (ಒತ್ತಿದರೆ ಒಳಗಿನ ಆದೇಶಗಳನ್ನು ಸಾಲಾಗಿ ಓಡಿಸುವ ಫೈಲ್) ಬರೆದೆವು. ಸ್ಯಾಂಪಲ್ ಫೋಲ್ಡರ್ ಪಕ್ಕದಲ್ಲಿ ಇಲ್ಲದಿದ್ದರೆ ಅದು "ಮೊದಲು ಎಕ್ಸ್‌ಟ್ರಾಕ್ಟ್ ಮಾಡಿ" ಅನ್ನುತ್ತದೆ, ಇದ್ದರೆ ಪ್ಯಾಚ್ ತೆರೆಯುತ್ತದೆ. ಅಷ್ಟೇ.

ಯಾವ ಸೊಲ್ಲು ಯಾವಾಗ ಬರಬೇಕು ಅನ್ನುವ ಲೆಕ್ಕದ ಭಾಗ ಮೊದಲು ಪೈಥಾನಿನಲ್ಲಿತ್ತು, ನೆಟ್‌ವರ್ಕ್ ಪೋರ್ಟಿನ ಮೂಲಕ ಪ್ಯಾಚಿಗೆ ಸೊಲ್ಲು ಕಳಿಸುತ್ತಿತ್ತು. ಹಾಸ್ಟೆಲಿನಲ್ಲಿ ಓಡುತ್ತಿತ್ತು. ಲ್ಯಾಬಿನಲ್ಲಿ ಫೈರ್‌ವಾಲ್ ಎದ್ದು ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅದು ಇದ್ದವರು ರಜೆಯ ಮೇಲೆ. ಪೋರ್ಟ್ ಸಹವಾಸ ಬಿಟ್ಟು, ಪೈಥಾನಿನಿಂದ ಮೊದಲೇ ಟೆಕ್ಸ್ಟ್ ಫೈಲ್ ಬರೆಸಿ ಪ್ಯಾಚ್ ಅದನ್ನು ಓದುವ ಹಾಗೆ ಮಾಡಿದೆವು. ನೋಡೋಕೆ ಕಡಿಮೆ ಗತ್ತು, ಆದರೆ ಎಲ್ಲೂ ಕೈಕೊಟ್ಟಿಲ್ಲ.

ಶ್ರುತಿಯ ಪ್ರಸಂಗ ಮಾತ್ರ ಹೇಳಲೇಬೇಕು. ಮೃದಂಗವನ್ನು ಒಂದೂವರೆ ಶ್ರುತಿಗೆ ಕೂಡಿಸಿ ಸೆಕೆಂಡಿಗೆ 44,100 ಅಳತೆಗಳ ಸ್ಯಾಂಪಲ್ ರೇಟಿನಲ್ಲಿ ರೆಕಾರ್ಡ್ ಮಾಡಿದ್ದೆವು. ತಂಬೂರಿಗೆ ಸ್ಯಾಂಪಲ್ ಇಲ್ಲ. 1983ರ ಕಾರ್ಪ್ಲಸ್-ಸ್ಟ್ರಾಂಗ್ ವಿಧಾನದಲ್ಲಿ ಡಿಲೇ ಲೈನಿನಿಂದ (ಸದ್ದನ್ನು ತಡಮಾಡಿ ಮತ್ತೆ ಸುತ್ತಿಸುವ ಭಾಗ) ಎಬ್ಬಿಸಿದ್ದು, ಪಂಚಮ ಸರಿಯಾಗಿ ಮೂರಕ್ಕೆರಡು. ಒಂದು ಲ್ಯಾಪ್‌ಟಾಪಿನಲ್ಲಿ ಎರಡೂ ಕಿತ್ತಾಡತೊಡಗಿದವು. ಆ ಯಂತ್ರ 48,000ಕ್ಕೆ ನಿಂತಿತ್ತು. ಮೆಮೊರಿಯ ಟೇಬಲ್ಲಿನಿಂದ ನುಡಿಯುವ ಸ್ಯಾಂಪಲ್ ಅಷ್ಟೇ ವೇಗ ಹೆಚ್ಚಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಹೋಯಿತು. ತಂಬೂರಿ ಹರ್ಟ್ಸ್ ಲೆಕ್ಕದ್ದು, ಜಾಗ ಬಿಟ್ಟು ಕದಲಲಿಲ್ಲ. ಲಯ ಅಲ್ಲಾಡದಿದ್ದುದರಿಂದ ಹುಡುಗರಿಗೆ ಕಾರಣ ಹೊಳೆಯಲು ಜಾಸ್ತಿ ಹೊತ್ತು ಹಿಡಿಯಿತು. ಬ್ಯಾಚ್ ಫೈಲಿನಲ್ಲೇ ಸ್ಯಾಂಪಲ್ ರೇಟ್ ಕಟ್ಟಿಹಾಕಿದ ಮೇಲೆ ನೆಮ್ಮದಿ.

ತಂಬೂರಿ ಬಂತಲ್ಲ, ವೀಣೆಯನ್ನೂ ಮಾಡೋಣ ಎಂದು ತಂಡದ ಒಬ್ಬಳು ಹೊರಟಳು. ಕೆಳಗಿನ ಸ್ವರಗಳು ಚೆಂದ. ಮೇಲೆ ಹೋದಂತೆ 690 ಹರ್ಟ್ಸ್ ಆಸುಪಾಸಿನಲ್ಲಿ ಗೋಡೆ. ಪ್ಯೂರ್ ಡೇಟಾ ಸದ್ದನ್ನು 64 ಅಳತೆಗಳ ಕಟ್ಟಿನಲ್ಲಿ (ಬ್ಲಾಕ್) ಲೆಕ್ಕ ಮಾಡುತ್ತದೆ. ಫೀಡ್‌ಬ್ಯಾಕ್ ಸುತ್ತು ಅದಕ್ಕಿಂತ ಚಿಕ್ಕದಾಗುವುದಿಲ್ಲ, ಸುತ್ತು ಚಿಕ್ಕದಾದರೇ ಸ್ವರ ಏರೋದು. ಸಬ್‌ಪ್ಯಾಚಿನಲ್ಲಿ ಬ್ಲಾಕ್ ಒಂದಕ್ಕೆ ಇಳಿಸಿದರೆ ಏರುತ್ತದೆ, ಆದರೆ ಲ್ಯಾಬಿನ ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ವೀಣೆ ಅಲ್ಲಿಗೇ ನಿಂತಿತು. ತಂಬೂರಿಗೆ ಜೀವಾಳದ (ತಂತಿಯ ಕೆಳಗಿಡುವ ನೂಲಿನ) ಎಳೆಯಂಥ ಝೇಂಕಾರ ಹೇಗೆ ಬಂತು ಅಂತ ಬಹಳ ಜನ ಕೇಳಿದ್ದಾರೆ. ಅದು ಮುಂದಿನ ಬ್ಯಾಚಿನ ಬಂಡವಾಳ, ಹೇಳಲ್ಲ.

ದುಡ್ಡಿನ ವಿಷಯ. ಊರಿನ ಸ್ಟುಡಿಯೋದವರು ಗಂಟೆಗೆ 1,000 ಕೇಳಿದರು. ನಾವು ವಿಭಾಗದ ರೆಕಾರ್ಡ್ ರೂಮಿಗೆ ಹಾಸ್ಟೆಲಿನ ಹಾಸಿಗೆಗಳನ್ನು ಒರಗಿಸಿ, ಫ್ಯಾನ್ ಆರಿಸಿ, ಕರೆಂಟು ಇರುವಾಗಲೇ ಟ್ಯೂಬ್‌ಲೈಟೂ ಆರಿಸಿ ರೆಕಾರ್ಡ್ ಮಾಡಿದೆವು. ಟ್ಯೂಬ್‌ಲೈಟಿನ ಗುಂಯ್ ಸದ್ದು ಮೃದಂಗದ ಗುಮ್ಕಿಯ (ಎಡಗೈಯ ಜಾರುವ ಸದ್ದಿನ) ಬಾಲದಲ್ಲಿ ಕೇಳುತ್ತಿತ್ತು, ಅದಕ್ಕೆ. ಸೆಕೆಂಡ್ ಹ್ಯಾಂಡ್ ಆಡಿಯೋ ಇಂಟರ್‌ಫೇಸ್ 4,500ರ ಹತ್ತಿರ. ಮೈಕ್ ಎರವಲು. ಮೃದಂಗದ ವಿದ್ವಾಂಸರಿಗೆ 2,000, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಪೆನ್ ಡ್ರೈವ್‌ಗಳಿಗೆ ಸಾವಿರ, ಪ್ರಿಂಟು ಮತ್ತು ಚಿನ್ನದಕ್ಷರದ ಬೈಂಡಿಂಗಿಗೆ 3,000 ಚಿಲ್ಲರೆ. ಒಟ್ಟು 11,000 ದಾಟಿರಲಿಕ್ಕಿಲ್ಲ. ರೆಡಿಮೇಡ್ ಪ್ರಾಜೆಕ್ಟ್ ಮಾರುವವರು ಇದರ ಮೇಲೆ ಇನ್ನೂ ಐದಾರು ಸಾವಿರ ಕೇಳುತ್ತಾರೆ, ಅಲ್ವಾ?

ವೈವಾದಲ್ಲಿ "ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?" ಅನ್ನೋದು ಬಂದೇ ಬರುತ್ತದೆ. ಉತ್ತರ ರಿಪೋರ್ಟಿನಲ್ಲಿ ಅಳತೆಯಾಗಿ ಇರಬೇಕು, ಮಾತಾಗಿ ಅಲ್ಲ. ಪ್ರೋಗ್ರಾಂ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಪ್ರತಿ ಪೆಟ್ಟಿನ ಹೊತ್ತು ಗುರುತು ಹಾಕಿ, ತಾಳದಿಂದ ಎಷ್ಟು ಸರಿಯುತ್ತದೆ ಎಂಬ ಗ್ರಾಫ್ ಹಾಕಿಸಿದ್ದೆ. ಪರೀಕ್ಷಕರು ಮೊದಲು ತಿರುಗಿಸಿದ್ದು ಆ ಪುಟವನ್ನೇ. ಆಮೇಲೆ ತೀರ್ಮಾನ, ಅಂದರೆ ಮೂರು ಸಲ ಹೇಳಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಮುಗಿಸುವ ಸೊಲ್ಲುಕಟ್ಟು, ಕೇಳಿದರು. ಆದಿತಾಳ, 32 ಮಾತ್ರೆ. ಐದು ಮಾತ್ರೆಯ "ತದಿಗಿಣತೊಂ" ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು), ಒಟ್ಟು 19. ಪ್ರೋಗ್ರಾಂ 13 ಮಾತ್ರೆ ಬಿಟ್ಟು ಎತ್ತಿ ಸಮಕ್ಕೆ ಸರಿಯಾಗಿ ಮುಗಿಸಿತು. "ಮಿಶ್ರಛಾಪು ಮಾಡಿ ನೋಡೋಣ" ಎಂದು ಅವರೇ ಮೇಜಿನ ಮೇಲೆ ತಾಳ ಹಾಕತೊಡಗಿದರು. ಎರಡು ಆವರ್ತಕ್ಕೆ 28, 19 ಕಳೆದರೆ 9. ಒಂಬತ್ತು ಬಿಟ್ಟು ಎತ್ತಿತು, ಅವರ ಕೈಗೇ ಬಂದು ಬಿತ್ತು. ಸ್ಟಾಫ್ ರೂಮಿನಲ್ಲಿ ನಕ್ಕವರೂ ಅಲ್ಲೇ ಇದ್ದರು ಅನ್ನೋದನ್ನು ಬರೆಯದೆ ಇರೋಕಾಗಲ್ಲ.

ಪ್ರಾಜೆಕ್ಟ್ ಒಪ್ಪಿಸುವ ಪೋರ್ಟಲ್ 20 ಎಂಬಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಿರಲಿಲ್ಲ. ಸ್ಟೀರಿಯೋ ವೇವ್ ನಿಮಿಷಕ್ಕೇ 10 ಎಂಬಿ ತಿನ್ನುತ್ತದೆ. ಸ್ಯಾಂಪಲ್‌ಗಳನ್ನೆಲ್ಲ ಮೋನೋ ಮಾಡಿ, ಬಾಲ ಕತ್ತರಿಸಿ ಒಳಗೆ ತೂರಿಸಿದೆವು. ಡೆಮೊ ಹಾಡಿಕೆ ಮಾತ್ರ ಎಂಪಿ3. ಪ್ರತಿ ಶನಿವಾರದ ಜಿಪ್ಪಿಗೂ ದಿನಾಂಕದ ಹೆಸರು. "ಫೈನಲ್", "ಫೈನಲ್ ನ್ಯೂ" ಅಂತ ಹೆಸರಿಡಲು ಯಾರಿಗೂ ಬಿಡಲಿಲ್ಲ. ಕೊನೆಯ ವಾರ ಒಬ್ಬ ಮಹಾಶಯ ರಾತ್ರಿ ಕೂತು ತಿಶ್ರನಡೆ (ಮೂರರ ನಡೆ) ಸೇರಿಸಲು ಹೋಗಿ ಇದ್ದ ಚತುರಶ್ರವನ್ನೂ (ನಾಲ್ಕರ ನಡೆ) ಕೆಡಿಸಿದ. ಹಿಂದಿನ ಶನಿವಾರದ ಜಿಪ್ ತೆಗೆದು ಅದನ್ನೇ ಒಪ್ಪಿಸಿದೆವು.