ಹಳೆಯ ಬಾಸ್ ಡ್ರಮ್ಮಿನ ಗುಂಯ್ ಸದ್ದಿಗೆ ಕಂಬಳಿ ಪಟ್ಟಿ

ದಾವಣಗೆರೆಯ ಕಲ್ಯಾಣಮಂಟಪಗಳಲ್ಲಿ ಈ 22 ಇಂಚಿನ ಹಳೆಯ ಬಾಸ್ ಡ್ರಮ್ ಒಂದೇಟಿಗೆ ಗುಂಯ್ ಎಂದು ಎಳೆಯುತ್ತಿತ್ತು. ಒಳಗೆ ದಿಂಬು ತುರುಕಿದರೆ ರಟ್ಟಿನ ಡಬ್ಬ ಬಡಿದ ಹಾಗೆ. ತೆಳು ಮರದ ದನಿಯೇ ಸತ್ತುಹೋಗುತ್ತದೆ. ದಿಂಬು ತೆಗೆದೆ.

ತೆಳುವಾದ ಚಳ್ಳಕೆರೆ ಕಂಬಳಿಯಿಂದ 3 ಇಂಚು ಅಗಲದ ಪಟ್ಟಿ ಕತ್ತರಿಸಿ, ಬಡಿಯುವ ಬದಿಯ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿದ ಹೊದಿಕೆ) ಬಿಚ್ಚಿ, ಒಂದು ಪಕ್ಕದಿಂದ ಸುಮಾರು 6 ಇಂಚು ಒಳಗೆ, ಅಂಚಿನಿಂದ ಅಂಚಿಗೆ ಬಿಗಿಯಾಗಿ ಎಳೆದೆ. ಅದರ ಮೇಲೆಯೇ ಹೆಡ್ ಕೂರಿಸಬೇಕು. ಪಟ್ಟಿ ಸಡಿಲಾದರೆ ಜರ್ ಎನ್ನುತ್ತದೆ. ಮಡಿಕೆ ಬಿದ್ದರೆ ಅಲ್ಲಿ ಹೆಡ್ ಎತ್ತಿಕೊಂಡು ಶ್ರುತಿಯೇ ನಿಲ್ಲುವುದಿಲ್ಲ. ಡ್ರಮ್ ಬಡಿಯುವ ಬೀಟರ್ ಬೀಳುವ ಜಾಗಕ್ಕಂತೂ ಪಟ್ಟಿ ಬರಕೂಡದು.

ಎದುರುಬದುರು ತಿರುಪುಗಳನ್ನು ಸುಕ್ಕು ಹೋಗುವವರೆಗೆ ಬಿಗಿದು, ಆಮೇಲೆ ಇನ್ನೊಂದು ಕಾಲು ಸುತ್ತು ತಿರುಗಿಸಬೇಕು. ಮುಂದಿನ ಹೆಡ್ ತುಸು ಹೆಚ್ಚು ಬಿಗಿ. ಹಳೆಯ ಹೆಡ್ಡಿಗೆ ದಯವಿಟ್ಟು ತೂತು ಕೊರೆಯಬೇಡಿ.